ಗುಜರಿಗೆ ಹಾಕುವ ಮುನ್ನ ಒಮ್ಮೆ ಅಳೆಯಿರಿ

ಮಾಲೂರು ಸೀಮೆಯಲ್ಲಿ ಮಣ್ಣಿನ ಕೆಲಸ ನಂಬಿ ಬದುಕಿದ ಮನೆಗಳು ಬಹಳ. ಇಟ್ಟಿಗೆ, ಹೆಂಚು ಈ ಊರಿಗೆ ಹೆಸರು ತಂದ ಕಸುಬುಗಳು. ಅದರ ಜೊತೆಗೇ ಕೆರೆಯ ಹೂಳೆತ್ತುವುದು, ಏರಿಗೆ ಮಣ್ಣು ಹಾಕಿ ಭದ್ರ ಮಾಡುವುದು, ನೀಲಗಿರಿ ಬೊಡ್ಡೆ ಕಿತ್ತು ಹೊಲ ಹದ ಮಾಡುವುದು, ಈಚೆಗೆ ಲೇಔಟ್‌ಗಳಿಗಾಗಿ ಜಮೀನು ಸಮ ಮಾಡುವುದು. ಗುದ್ದಲಿ, ಮಂಕರಿಯಿಂದ ಶುರುವಾದ ಕೆಲಸ ಟ್ರ್ಯಾಕ್ಟರಿಗೆ ಬಂತು, ಆಮೇಲೆ ಡೋಜರಿಗೆ ಬಂತು. ತಾತನೋ ಅಪ್ಪನೋ ಹರಾಜಿನಲ್ಲಿ ಹಿಡಿದು ತಂದ ಚೈನ್ ಡೋಜರ್ ಒಂದು ಕಾಲಕ್ಕೆ ಇಡೀ ಮನೆಗೆ ಅನ್ನ ಹಾಕಿರುತ್ತದೆ. ಈಗ ಅದು ಇಟ್ಟಿಗೆ ಗೂಡಿನ ಹಿಂದೆಯೋ ಹುಣಸೆ ಮರದ ಕೆಳಗೋ ನಿಂತಿರುತ್ತದೆ. ಚೈನಿನ ಸಂದಿಯಲ್ಲಿ ಹುಲ್ಲು ಬೆಳೆದಿರುತ್ತದೆ, ಬ್ಲೇಡಿನ ಮೇಲೆ ಬಟ್ಟೆ ಒಣಹಾಕಿರುತ್ತಾರೆ.

ಇಂಥ ಮನೆಗೆ ಗುಜರಿಯವರು ಬಂದೇ ಬರುತ್ತಾರೆ. ಹನ್ನೊಂದು ಟನ್ನಿನ ಆಸುಪಾಸಿನ ಕಬ್ಬಿಣ, ಕಿಲೋಗೆ ಇಷ್ಟು ಎಂದು ಲೆಕ್ಕ ಹೇಳುತ್ತಾರೆ. ಮನೆಯಲ್ಲಿ ಮದುವೆಯೋ ಆಸ್ಪತ್ರೆ ಖರ್ಚೋ ಇದ್ದರೆ ಆ ಲೆಕ್ಕ ಹಿತವಾಗಿ ಕೇಳುತ್ತದೆ. ಗ್ಯಾಸ್ ಕಟರ್ ಬಂತೆಂದರೆ ಒಂದೆರಡು ದಿನದಲ್ಲಿ ಯಂತ್ರ ತುಂಡು ತುಂಡು. ಆದರೆ ಹಾಗೆ ನಿಂತ ಡೋಜರ್ ನಿಜವಾಗಿ ಸತ್ತಿದೆಯೋ ಇಲ್ಲವೋ ಎಂದು ಯಾರೂ ಅಳತೆ ಹಿಡಿದು ನೋಡಿರುವುದಿಲ್ಲ. ಈ ಬರಹ ಆ ಅಳತೆಯ ಬಗ್ಗೆ. ಹಳೆಯ ಡೋಜರನ್ನು ಮತ್ತೆ ನಡೆಸುವುದು ಸಾಧ್ಯವೇ, ಎಲ್ಲಿಂದ ಶುರು ಮಾಡಬೇಕು, ಯಾವಾಗ ಕೈಬಿಡಬೇಕು ಎಂಬುದನ್ನು ಭಾವುಕತೆಯ ಭರದಲ್ಲಿ ತೀರ್ಮಾನಿಸುವುದು ಬೇಡ, ಗುಜರಿ ದರದ ಆಸೆಗೂ ತೀರ್ಮಾನಿಸುವುದು ಬೇಡ.

ಪಕ್ಕದ ಊರಲ್ಲೇ ಹುಟ್ಟಿದ ಯಂತ್ರ

ನಮ್ಮ ಕಡೆ ಹಳೇ ಡೋಜರ್ ಎಂದರೆ ಹೆಚ್ಚಾಗಿ ನೆನಪಾಗುವುದು ಬೆಮಲ್‌ನ ಡಿ50. ಬೆಮಲ್, ಅಂದರೆ ಭಾರತ್ ಅರ್ಥ್ ಮೂವರ್ಸ್, ಸ್ಥಾಪನೆಯಾದದ್ದು 1964ರ ಮೇ ತಿಂಗಳಲ್ಲಿ. 1965ರ ಜನವರಿ 1ರಂದು ಎಚ್‌ಎಎಲ್‌ನ ರೈಲು ಬೋಗಿ ವಿಭಾಗವನ್ನು ವಹಿಸಿಕೊಂಡು ಅದು ಕೆಲಸ ಆರಂಭಿಸಿತು. ಮಣ್ಣು ಅಗೆಯುವ, ದೂಡುವ ಯಂತ್ರಗಳ ತಯಾರಿಕೆ ನೆಲೆಯೂರಿದ್ದು ಕೆಜಿಎಫ್‌ನಲ್ಲಿ. ಬಂಗಾರಪೇಟೆ ದಾಟಿದರೆ ಸಿಗುವ ಊರದು. ಮಾಲೂರಿನ ಮಣ್ಣನ್ನು ದೂಡಿದ ಬ್ಲೇಡು ಇದೇ ಕೋಲಾರ ಜಿಲ್ಲೆಯ ಕಾರ್ಮಿಕರ ಕೈಯಲ್ಲಿ ತಯಾರಾದದ್ದು ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರಬೇಕಾದ ಸಂಗತಿ.

ಡಿ50 ವಿನ್ಯಾಸದ ಮೂಲ ಜಪಾನಿನ ಕೊಮಾಟ್ಸು ಕಂಪನಿ. 1921ರಲ್ಲಿ ಹುಟ್ಟಿದ ಈ ಕಂಪನಿ ತನ್ನ ಮೊದಲ ಡಿ50 ಬುಲ್ಡೋಜರನ್ನು ತಯಾರಿಸಿದ್ದು 1947ರಲ್ಲಿ, ಯುದ್ಧದಲ್ಲಿ ಸೋತು ಸುಣ್ಣವಾದ ದೇಶವನ್ನು ಮತ್ತೆ ಕಟ್ಟುವ ಹೊತ್ತಿನಲ್ಲಿ. ಅದರ ತಾಂತ್ರಿಕ ನೆರವಿನಿಂದ ಬೆಮಲ್ ಚೈನ್ ಡೋಜರ್‌ಗಳನ್ನು ಕಟ್ಟಿತು. ಚೈನಿನ ಮೇಲೆ ನಡೆಯುವ ಟ್ರ್ಯಾಕ್ಟರಿನ ಕಲ್ಪನೆ ಇನ್ನೂ ಹಳೆಯದು. 1904ರಲ್ಲಿ ಅಮೆರಿಕದ ಸ್ಟಾಕ್‌ಟನ್‌ನಲ್ಲಿ ಬೆಂಜಮಿನ್ ಹೋಲ್ಟ್ ಎಂಬಾತ, ಮೆತ್ತನೆಯ ನೆಲದಲ್ಲಿ ಹೂತುಹೋಗುತ್ತಿದ್ದ ಉಗಿ ಟ್ರ್ಯಾಕ್ಟರಿನ ಚಕ್ರ ಬಿಚ್ಚಿ ಪಟ್ಟಿ ಕಟ್ಟಿ ಓಡಿಸಿದ.

ಪಟ್ಟಿಯ ಗುಟ್ಟು ಸರಳ ಲೆಕ್ಕದಲ್ಲಿದೆ. ಹನ್ನೊಂದು ಟನ್ ತೂಕದ ಯಂತ್ರದ ಎರಡು ಚೈನುಗಳು ಸೇರಿ ಸುಮಾರು ಎರಡು ಚದರ ಮೀಟರ್ ನೆಲವನ್ನು ಒತ್ತುತ್ತವೆ ಎಂದುಕೊಳ್ಳಿ. ಚದರ ಸೆಂಟಿಮೀಟರಿಗೆ ಬೀಳುವ ಭಾರ ಅರ್ಧ ಕಿಲೋಗಿಂತ ತುಸು ಹೆಚ್ಚು, ಅಷ್ಟೇ. ಹಾಗಾಗಿ ಟೈರಿನ ಗಾಡಿ ಹೂತುಹೋಗುವ ಕೆರೆ ಅಂಗಳದಲ್ಲಿ ಡೋಜರ್ ನಡೆಯುತ್ತದೆ. ಇಡೀ ತೂಕ ನೆಲವನ್ನು ಕಚ್ಚಿ ಹಿಡಿಯುವುದರಿಂದ ದೂಡುವ ಬಲವೂ ಹೆಚ್ಚು. ಜೆಸಿಬಿ ಅಗೆಯಲು, ತುಂಬಲು, ಊರಿಂದ ಊರಿಗೆ ಓಡಾಡಲು ಚೆನ್ನ. ಉಬ್ಬು ತಗ್ಗಿನ ಹೊಲವನ್ನು ಒಂದೇ ಸಮ ಮಾಡುವುದಕ್ಕೆ, ನೀಲಗಿರಿ ಬೊಡ್ಡೆಗಳನ್ನು ಸಾಲಾಗಿ ಎಬ್ಬಿಸುವುದಕ್ಕೆ, ಏರಿಯ ಮೇಲೆ ಮಣ್ಣನ್ನು ಪದರ ಪದರವಾಗಿ ಹರಡುವುದಕ್ಕೆ ಇವತ್ತಿಗೂ ಡೋಜರೇ ಸೈ. ಕೆರೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ ಕೋಲಾರ ಜಿಲ್ಲೆಯಲ್ಲಿ ಕೆರೆ, ಕಾಲುವೆ, ತೂಬುಗಳ ಕಡೆ ಜನರ ಗಮನ ಮತ್ತೆ ಹರಿದಿದೆ. ಡೋಜರಿಗೆ ಈ ನೆಲದಲ್ಲಿ ಕೆಲಸ ತೀರಿಲ್ಲ.

ಮೊದಲು ಕೀ ತಿರುಗಿಸಬೇಡಿ

ವರ್ಷಗಟ್ಟಲೆ ನಿಂತ ಯಂತ್ರಕ್ಕೆ ಹೊಸ ಬ್ಯಾಟರಿ ಕಟ್ಟಿ ಸ್ಟಾರ್ಟ್ ಮಾಡಿ ನೋಡುವ ಆತುರ ಎಲ್ಲರಿಗೂ ಇರುತ್ತದೆ. ಸರಿಯಾಗಿದ್ದ ಭಾಗಗಳೂ ಹಾಳಾಗುವುದು ಈ ಆತುರದಲ್ಲೇ. ಸಿಲಿಂಡರಿನಲ್ಲಿ ರಿಂಗುಗಳು ತುಕ್ಕು ಹಿಡಿದು ಅಂಟಿಕೊಂಡಿದ್ದರೆ ಸ್ಟಾರ್ಟರಿನ ಒಂದು ಏಟಿಗೆ ರಿಂಗು ಮುರಿಯುತ್ತದೆ, ಲೈನರಿಗೆ ಗೀರು ಬೀಳುತ್ತದೆ. ಇನ್ನೊಂದು ಗಾಡಿಗೆ ಕಟ್ಟಿ ಎಳೆಸುವುದಂತೂ ಇನ್ನೂ ಕೆಟ್ಟದ್ದು.

ಅನುಭವಿ ಫಿಟ್ಟರ್ ಮೊದಲು ಮುಟ್ಟುವುದು ಎಂಜಿನ್ ಸಂಪಿನ ಡ್ರೈನ್ ಬೋಲ್ಟನ್ನು. ಕೆಳಗೆ ಬಾಂಡ್ಲಿ ಇಟ್ಟು ಬೋಲ್ಟನ್ನು ನಿಧಾನವಾಗಿ ಸಡಿಲಿಸುತ್ತಾನೆ, ಪೂರಾ ಬಿಚ್ಚುವುದಿಲ್ಲ. ನೀರು ಆಯಿಲಿಗಿಂತ ಭಾರ, ತಳದಲ್ಲಿ ನಿಂತಿರುತ್ತದೆ. ಹಾಗಾಗಿ ಸಂಪಿನೊಳಗೆ ನೀರು ಸೇರಿದ್ದರೆ ಮೊದಲು ಹೊರಬರುವುದು ಅದೇ. ನೀರು ಬಂತೆಂದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಲೈನರಿನ ಕೆಳಗಿನ ರಬ್ಬರ್ ರಿಂಗು ಸೋರುತ್ತಿರಬಹುದು, ಇಲ್ಲವೇ ಮುಚ್ಚಳವಿಲ್ಲದ ಸೈಲೆನ್ಸರ್ ಕೊಳವೆಯಿಂದ ಮಳೆನೀರು ಇಳಿದಿರಬಹುದು. ಆಯಿಲು ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ನೀರು ಕಲಸಿದ ಹಾಗೇ ಎಂಜಿನ್ ಓಡಿದೆ ಎಂದರ್ಥ. ಆಮೇಲೆ ಬಾಂಡ್ಲಿಯ ಆಯಿಲಿನಲ್ಲಿ ಅಯಸ್ಕಾಂತ ಆಡಿಸುತ್ತಾನೆ. ಅದಕ್ಕೆ ಅಂಟುವ ಪುಡಿ ಕಬ್ಬಿಣದ್ದು, ಗೇರಿನದೋ ರಿಂಗಿನದೋ ಆಗಿರುತ್ತದೆ. ಅಂಟದೆ ಹೊಳೆಯುವ ಹಳದಿ, ಕೆಂಪು ಚೂರು ಬುಷ್, ಬೇರಿಂಗಿನದು. ಬಿಳಿ ಚೂರು ಪಿಸ್ಟನ್ನಿನದು. ಎಂಜಿನ್ ಬಿಚ್ಚುವ ಮೊದಲೇ ಒಳಗಿನ ಅರ್ಧ ಕಥೆ ಬಾಂಡ್ಲಿಯಲ್ಲಿ ಸಿಕ್ಕಿರುತ್ತದೆ. ಇದೇ ಪರೀಕ್ಷೆಯನ್ನು ಗೇರ್ ಬಾಕ್ಸಿಗೂ ಎರಡೂ ಬದಿಯ ಫೈನಲ್ ಡ್ರೈವ್‌ಗೂ ಮಾಡಬೇಕು.

ಎಂಜಿನ್ ತಿರುಗದಿದ್ದರೆ ನಾಜಲ್‌ಗಳನ್ನು ಬಿಚ್ಚಿ, ಆ ತೂತುಗಳಿಂದ ಡೀಸೆಲ್ ಮತ್ತು ತೆಳು ಆಯಿಲ್ ಬೆರೆಸಿ ಸಿಲಿಂಡರಿಗೆ ಬಿಟ್ಟು ಕೆಲವು ದಿನ ನೆನೆಯಲು ಬಿಡಬೇಕು. ಆಮೇಲೆ ಫ್ಲೈವ್ಹೀಲಿಗೆ ಬಾರ್ ಕೊಟ್ಟು ಕೈಯಲ್ಲಿ ಅತ್ತ ಸ್ವಲ್ಪ, ಇತ್ತ ಸ್ವಲ್ಪ ಅಲುಗಿಸಬೇಕು. ತಾಳ್ಮೆಗೆ ಬಗ್ಗುವ ಎಂಜಿನ್ ಬಲಕ್ಕೆ ಬಗ್ಗುವುದಿಲ್ಲ.

ಅರ್ಧ ಖರ್ಚು ಕಾಲಿಗೇ

ಹಳೇ ಡೋಜರ್ ಎಂದರೆ ಜನ ಎಂಜಿನ್ ಬಗ್ಗೆಯೇ ಕೇಳುತ್ತಾರೆ. ತಿಳಿದವರು ಮೊದಲು ಕಾಲು ನೋಡುತ್ತಾರೆ. ಚೈನ್ ಯಂತ್ರವೊಂದರ ಜೀವಮಾನದ ರಿಪೇರಿ ಖರ್ಚಿನಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಹೋಗುವುದು ಕೆಳಭಾಗಕ್ಕೆ: ಚೈನು, ಶೂ, ಕೆಳಗಿನ ರೋಲರ್, ಮೇಲಿನ ರೋಲರ್, ಮುಂದಿನ ಐಡ್ಲರ್, ಹಿಂದಿನ ಸ್ಪ್ರಾಕೆಟ್. ಡೋಜರ್ ಉಳಿಯುತ್ತದೋ ಇಲ್ಲವೋ ಎಂಬುದು ಇಲ್ಲಿಯೇ ತೀರ್ಮಾನವಾಗುತ್ತದೆ.

ಚೈನನ್ನು ಹತ್ತಿರದಿಂದ ನೋಡಿ. ಪ್ರತಿ ಕೊಂಡಿಯನ್ನೂ ಮುಂದಿನದಕ್ಕೆ ಜೋಡಿಸುವುದು ಒಂದು ಪಿನ್ನು. ಅದರ ಸುತ್ತ ಒಂದು ಬುಷ್ಷು. ಸ್ಪ್ರಾಕೆಟ್ಟಿನ ಹಲ್ಲು ಹಿಡಿಯುವುದು ಈ ಬುಷ್ಷಿನ ಹೊರಮೈಯನ್ನು. ಡೋಜರ್ ಮುಂದೆ ಸಾಗಿದಂತೆಲ್ಲ ಪಿನ್ನು ಬುಷ್ಷಿನ ಒಳಮೈಗೆ ಒಂದೇ ಪಕ್ಕಕ್ಕೆ ಉಜ್ಜುತ್ತದೆ, ಹಲ್ಲು ಬುಷ್ಷಿನ ಹೊರಮೈಗೆ ಒಂದೇ ಪಕ್ಕಕ್ಕೆ ಉಜ್ಜುತ್ತದೆ. ಒಂದೊಂದು ಪಿನ್ನಿನಲ್ಲಿ ಕೂದಲೆಳೆಯಷ್ಟು ಸವೆತವಾದರೂ ಇಡೀ ಚೈನು ಬೆರಳುಗಟ್ಟಲೆ ಉದ್ದವಾಗುತ್ತದೆ. ಚೈನು ಜೋತುಬಿದ್ದಿತು ಎಂದು ಡ್ರೈವರ್ ಗ್ರೀಸ್ ಹೊಡೆದು ಬಿಗಿ ಮಾಡುತ್ತಾನೆ. ಅಸಲಿ ಸಂಗತಿ ಏನೆಂದರೆ ಕೊಂಡಿಯ ಅಂತರ ಹಿಗ್ಗಿದೆ, ಹಲ್ಲಿಗೂ ಬುಷ್ಷಿಗೂ ಹೊಂದಿಕೆ ತಪ್ಪಿದೆ. ಮತ್ತೆ ಮತ್ತೆ ಬಿಗಿ ಮಾಡಿದಷ್ಟೂ ಹಲ್ಲಿನ ತುದಿ ಚೂಪಾಗುತ್ತಾ ಹೋಗುತ್ತದೆ.

ಅಳತೆ ಕಷ್ಟದ್ದಲ್ಲ. ಚೈನನ್ನು ಬಿಗಿಯಾಗಿ ಎಳೆದು ನಿಲ್ಲಿಸಿ, ನಾಲ್ಕು ಕೊಂಡಿಗಳ ಉದ್ದವನ್ನು ಪಿನ್ನಿನ ಅಂಚಿನಿಂದ ಪಿನ್ನಿನ ಅದೇ ಅಂಚಿಗೆ ಟೇಪಿನಲ್ಲಿ ಅಳೆಯಬೇಕು. ಬುಷ್ಷಿನ ಹೊರವ್ಯಾಸ, ಶೂವಿನ ಮೇಲಿನ ಪಟ್ಟಿಯ ಎತ್ತರ, ಕೊಂಡಿಯ ಎತ್ತರ, ರೋಲರಿನ ವ್ಯಾಸ ಕ್ಯಾಲಿಪರಿನಲ್ಲಿ ಅಳೆಯಬೇಕು. ಹೊಸದರ ಅಳತೆ ಎಷ್ಟು, ಎಲ್ಲಿಯವರೆಗೆ ಸವೆಯಬಹುದು ಎಂಬ ಎರಡು ಅಂಕಿಗಳು ಕಂಪನಿಯ ಕೈಪಿಡಿಯಲ್ಲಿ ಇರುತ್ತವೆ. ಎರಡರ ನಡುವೆ ನಮ್ಮ ಯಂತ್ರ ಎಲ್ಲಿ ನಿಂತಿದೆ ಎಂದು ನೋಡಿದರೆ ಎಷ್ಟು ಸವೆದಿದೆ ಎಂಬುದು ಶೇಕಡಾವಾರು ಗೊತ್ತಾಗುತ್ತದೆ.

ಸವೆತ ಅರ್ಧ ದಾಟಿದ್ದರೂ ಮಿತಿ ಮೀರಿರದಿದ್ದರೆ ಒಂದು ಒಳ್ಳೆಯ ಉಪಾಯವಿದೆ. ಮಾಸ್ಟರ್ ಪಿನ್ ಹೊಡೆದು ಚೈನು ಬಿಚ್ಚಿ, ನೂರು ಟನ್ನಿಗೂ ಮಿಕ್ಕ ಶಕ್ತಿಯ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒಂದೊಂದೇ ಪಿನ್ನು, ಬುಷ್ಷನ್ನು ಹೊರದೂಡಿ, ಅರ್ಧ ಸುತ್ತು ತಿರುಗಿಸಿ ಮತ್ತೆ ಕೂಡಿಸುತ್ತಾರೆ. ಸವೆದ ಕಾಲರನ್ನು ದರ್ಜಿ ಮಗುಚಿ ಹೊಲಿದ ಹಾಗೆ ಸವೆಯದ ಪಕ್ಕ ಕೆಲಸಕ್ಕೆ ಬರುತ್ತದೆ, ಚೈನು ಮತ್ತೆ ಮೊದಲಿನ ಉದ್ದಕ್ಕೆ ಬರುತ್ತದೆ. ಆದರೆ ಕಾಲ ಮೀರುವ ಮೊದಲೇ ಮಾಡಿಸಬೇಕು. ಬುಷ್ಷು ತೀರಾ ತೆಳುವಾಗಿ ಬಿರುಕು ಬಿಟ್ಟ ಮೇಲೆ ತಿರುಗಿಸಿದರೂ ಪ್ರಯೋಜನವಿಲ್ಲ.

ಚೈನ್ ಡೋಜರಿನ ಸ್ಪ್ರಾಕೆಟ್ಟಿಗೆ ಸಾಮಾನ್ಯವಾಗಿ ಹಲ್ಲುಗಳು ಬೆಸ ಸಂಖ್ಯೆಯಲ್ಲಿರುತ್ತವೆ, ಬುಷ್ಷುಗಳು ಒಂದು ಹಲ್ಲು ಬಿಟ್ಟು ಒಂದರಲ್ಲಿ ಕೂರುತ್ತವೆ. ಒಂದು ಸುತ್ತಿನಲ್ಲಿ ಕೆಲಸ ಮಾಡಿದ ಹಲ್ಲು ಮುಂದಿನ ಸುತ್ತಿನಲ್ಲಿ ವಿಶ್ರಾಂತಿ ಪಡೆಯುತ್ತದೆ. ಸವೆತ ಎಲ್ಲ ಹಲ್ಲಿಗೂ ಸಮನಾಗಿ ಹಂಚಿಹೋಗಲಿ ಎಂದು ಮಾಡಿದ ಲೆಕ್ಕಾಚಾರವಿದು. ಇಂಥ ಜಾಣ್ಮೆ ತುಂಬಿದ ಯಂತ್ರವನ್ನು ಬರೀ ಕಿಲೋ ಲೆಕ್ಕದಲ್ಲಿ ನೋಡುವುದು ಎಷ್ಟು ಸರಿ?

ಎಂಜಿನ್: ಬಿಚ್ಚಿದ ಮೇಲೆ ಪೂರಾ ಮಾಡಿ

ಕೊಮಾಟ್ಸು ಡಿ50ಎ-15ರಲ್ಲಿ ಇದ್ದ ಎಂಜಿನ್ನಿನ ಹೆಸರು 4ಡಿ120. ನಾಲ್ಕು ಸಿಲಿಂಡರ್, ಡೀಸೆಲ್, 120 ಮಿ.ಮೀ. ಬೋರ್ ಎಂಬುದು ಹೆಸರಿನಲ್ಲೇ ಇದೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಪಿಸ್ಟನ್, ಲೈನರ್, ವಾಲ್ವ್, ಕ್ರ್ಯಾಂಕ್, ಡೀಸೆಲ್ ಪಂಪ್ ಇಷ್ಟನ್ನು ಬಲ್ಲವರಿಗೆ ಈ ಎಂಜಿನ್ ಪೂರ್ತಿ ಅರ್ಥವಾಗುತ್ತದೆ. ಹಳೆಯ ಯಂತ್ರಕ್ಕೆ ಮರುಜೀವ ಕೊಡುವುದು ಸಾಧ್ಯವಾಗಿರುವುದೇ ಈ ಸರಳತೆಯಿಂದ.

ಲೈನರುಗಳನ್ನು ಎಳೆದು ತೆಗೆದು ಹೊಸದು ಕೂರಿಸಬಹುದು. ಹಳೇ ಲೈನರನ್ನು ಎಸೆಯುವ ಮೊದಲು ಅದರ ಹೊರಮೈ ನೋಡಿ. ನೀರಿಗೆ ತಾಗುವ ಕಡೆ ಸಣ್ಣ ಸಣ್ಣ ಗುಳಿ ಬಿದ್ದಿದ್ದರೆ ರೇಡಿಯೇಟರಿಗೆ ಕೂಲೆಂಟ್ ಹಾಕದೆ ಬರೀ ನೀರು ಹಾಕಿ ಓಡಿಸಿದ್ದಾರೆ ಎಂದರ್ಥ. ನಮ್ಮ ಜಿಲ್ಲೆಯಲ್ಲಿ ಇದು ದೊಡ್ಡ ಸಮಸ್ಯೆ. ಆಳದ ಕೊಳವೆಬಾವಿಯ ಗಡಸು ನೀರು ರೇಡಿಯೇಟರಿನ ಕೊಳವೆಗಳಲ್ಲಿ ಸುಣ್ಣದಂಥ ಪದರ ಕಟ್ಟುತ್ತದೆ, ಎಂಜಿನ್ ಕಾಯುತ್ತದೆ, ಹೆಡ್ ಬಿರುಕು ಬಿಡುತ್ತದೆ. ಶುದ್ಧ ನೀರಿಗೆ ಕೂಲೆಂಟ್ ಬೆರೆಸಿ ಹಾಕುವ ಒಂದೇ ಒಂದು ಅಭ್ಯಾಸದಿಂದ ಎಷ್ಟೋ ಎಂಜಿನ್‌ಗಳು ಉಳಿಯುತ್ತವೆ.

ಕ್ರ್ಯಾಂಕ್ ಶಾಫ್ಟನ್ನು ಮೈಕ್ರೋಮೀಟರಿನಲ್ಲಿ ಅಳೆದು, ಗೀರು ಅಥವಾ ಅಂಡಾಕಾರ ಕಂಡರೆ ಗ್ರೈಂಡಿಂಗ್ ಮಾಡಿಸುತ್ತಾರೆ. 0.25, 0.50, 0.75 ಮಿ.ಮೀ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ತೆಳು ಮಾಡಿ, ಅದಕ್ಕೆ ತಕ್ಕ ದಪ್ಪ ಬೇರಿಂಗ್ ಹಾಕುತ್ತಾರೆ. ಹಿಂದೆ ಎಷ್ಟನೇ ಮೆಟ್ಟಿಲಿಗೆ ಬಂದಿದೆ ಎಂಬುದು ಹಳೇ ಬೇರಿಂಗಿನ ಬೆನ್ನ ಮೇಲಿನ ಅಚ್ಚಿನಲ್ಲಿ ಸಿಗುತ್ತದೆ. ಅದನ್ನು ಓದದೆ ಹೊಸ ಬೇರಿಂಗ್ ತರಲು ಹೋಗಬೇಡಿ.

ಡೀಸೆಲ್ ಪಂಪ್ ಮಾತ್ರ ಗೂಡಿನ ಬಳಿ ಬಿಚ್ಚುವ ವಸ್ತುವಲ್ಲ. ಅದರ ಪ್ಲಂಜರ್ ಮತ್ತು ಬ್ಯಾರೆಲ್ ನಡುವಿನ ಸಂದು ಕೆಲವೇ ಮೈಕ್ರಾನ್, ಒಂದು ಧೂಳಿನ ಕಣ ಸಾಕು ಕೆಡಿಸಲು. ಆಡುಗೋಡಿಯ ಮೈಕೋ ಕಾರ್ಖಾನೆಯ ಕೃಪೆಯಿಂದ ಬೆಂಗಳೂರು ಡೀಸೆಲ್ ಪಂಪಿನ ವಿದ್ಯೆಗೆ ತವರಾಗಿದೆ. ಟೆಸ್ಟ್ ಬೆಂಚ್ ಇರುವ ಒಳ್ಳೆಯ ಪಂಪ್ ಶಾಪಿನಲ್ಲಿ ಕ್ಯಾಲಿಬ್ರೇಶನ್ ಮಾಡಿಸಿ ತಂದರೆ ಹೊಗೆ ಕಡಿಮೆಯಾಗುತ್ತದೆ, ಡೀಸೆಲ್ ಉಳಿಯುತ್ತದೆ.

ಎಂಜಿನ್ ಜೋಡಿಸಿದ ಮೇಲೆ ಮೊದಲ ಸ್ಟಾರ್ಟಿಗೂ ಒಂದು ಕ್ರಮವಿದೆ. ಡೀಸೆಲ್ ಬಂದ್ ಮಾಡಿ, ಸ್ಟಾರ್ಟರಿನಲ್ಲಿ ಬಿಟ್ಟು ಬಿಟ್ಟು ತಿರುಗಿಸಿ, ಗೇಜಿನಲ್ಲಿ ಆಯಿಲ್ ಪ್ರೆಶರ್ ಕಾಣಿಸಿಕೊಂಡ ಮೇಲೆಯೇ ಡೀಸೆಲ್ ಬಿಡಬೇಕು. ಲೈನಿನ ಏರ್ ತೆಗೆಯಬೇಕು. ಒಬ್ಬರು ಗಾಳಿ ಎಳೆಯುವ ಬಾಯಿಯ ಹತ್ತಿರ ದಪ್ಪ ಹಲಗೆ ಹಿಡಿದು ನಿಂತಿರಬೇಕು. ಪಂಪಿನ ರ್‍ಯಾಕ್ ಸಿಕ್ಕಿಕೊಂಡು ಎಂಜಿನ್ ಹತೋಟಿ ತಪ್ಪಿ ಓಡಿದರೆ ಗಾಳಿ ಮುಚ್ಚುವುದೇ ಅದನ್ನು ಬೇಗ ನಿಲ್ಲಿಸುವ ದಾರಿ. ಮೊದಲ ಕೆಲವು ದಿನ ಹಗುರ ಕೆಲಸ, ಆಮೇಲೆ ಆಯಿಲ್, ಫಿಲ್ಟರ್ ಬದಲಾವಣೆ, ಹೆಡ್ ಬೋಲ್ಟುಗಳ ಬಿಗಿ ಪರೀಕ್ಷೆ. ಇದಾದ ಮೇಲೆಯೇ ಪೂರಾ ಬಲದ ಕೆಲಸ.

ತಿರುಗುವುದು, ಎತ್ತುವುದು, ಕೆರೆಯುವುದು

ಡೋಜರಿಗೆ ಸ್ಟೀರಿಂಗ್ ಚಕ್ರವಿಲ್ಲ. ಎಡಕ್ಕೊಂದು, ಬಲಕ್ಕೊಂದು ಸ್ಟೀರಿಂಗ್ ಕ್ಲಚ್ಚು, ಜೊತೆಗೆ ಬ್ರೇಕು. ಎಡ ಲಿವರ್ ಎಳೆದರೆ ಎಡ ಚೈನಿಗೆ ಹೋಗುವ ಶಕ್ತಿ ಕಡಿತವಾಗಿ ಯಂತ್ರ ಎಡಕ್ಕೆ ಹೊರಳುತ್ತದೆ. ನಿಂತ ಯಂತ್ರದಲ್ಲಿ ಈ ಕ್ಲಚ್ಚಿನ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಲಿವರ್ ಎಳೆದರೂ ಯಂತ್ರ ನೇರ ಹೋಗುತ್ತದೆ. ಆದ್ದರಿಂದ ಎಂಜಿನ್ ಶುರುವಾಯಿತೆಂಬ ಖುಷಿಯಲ್ಲಿ ಅಲ್ಲೇ ಗೇರ್ ಹಾಕಬೇಡಿ. ಎದುರಿಗೆ ಗೋಡೆ, ಬಾವಿ, ಜನ ಇಲ್ಲದ ಬಯಲಿನಲ್ಲಿ, ಕ್ಲಚ್ಚು ಮತ್ತು ಬ್ರೇಕು ಪರೀಕ್ಷಿಸಿದ ಮೇಲೆ ಹಾಕಿ.

ಹೈಡ್ರಾಲಿಕ್ ಸಿಲಿಂಡರಿನ ರಾಡಿಗೆ ತುಕ್ಕಿನ ಗುಳಿ ಬಿದ್ದಿದ್ದರೆ ಎಷ್ಟು ಹೊಸ ಸೀಲ್ ಹಾಕಿದರೂ ಸೋರುತ್ತದೆ. ಮೊದಲು ರಾಡು ಗ್ರೈಂಡ್ ಮಾಡಿಸಿ ಕ್ರೋಮ್ ಹಾಕಿಸಿ, ಆಮೇಲೆ ಸೀಲ್ ಕಿಟ್ ಹಾಕಿ. ಬ್ಲೇಡಿನ ಕೆಳಗಿನ ಕಟಿಂಗ್ ಎಡ್ಜ್ ಬೋಲ್ಟಿನಲ್ಲಿ ಕೂತಿರುತ್ತದೆ, ಒಂದು ಅಂಚು ಸವೆದರೆ ತಿರುಗಿಸಿ ಇನ್ನೊಂದು ಅಂಚು ಬಳಸಬಹುದು. ಅದನ್ನು ಮರೆತು ಬ್ಲೇಡಿನ ಮೂಲ ಹಾಳೆಯೇ ಸವೆಯುವವರೆಗೆ ಓಡಿಸಿದರೆ ಅಲ್ಪ ಖರ್ಚಿನ ಕೆಲಸ ದೊಡ್ಡ ವೆಲ್ಡಿಂಗ್ ಆಗಿ ಕೂರುತ್ತದೆ.

ಬಣ್ಣ ಕೊನೆಗೆ. ಹಳದಿ ಬಣ್ಣ ಬಳಿದು ಫೋಟೊ ಹಾಕಿದ ಮಾತ್ರಕ್ಕೆ ಯಂತ್ರ ಸರಿಯಾಗುವುದಿಲ್ಲ. ಬಣ್ಣ ಹೊಡೆಯುವಾಗ ಕಂಪನಿಯ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಪ್ಲೇಟನ್ನು, ಅದರ ಮೇಲಿನ ಮಾಡೆಲ್, ಸೀರಿಯಲ್ ನಂಬರನ್ನು ಮುಚ್ಚಬೇಡಿ. ಸರಿಯಾದ ಬಿಡಿಭಾಗ ಸಿಗುವುದು ಆ ನಂಬರಿನಿಂದಲೇ.

ಜೀವಕ್ಕಿಂತ ಯಂತ್ರ ದೊಡ್ಡದಲ್ಲ

ಈ ಕೆಲಸದಲ್ಲಿ ಮೂರು ಕಡೆ ಸಾವು ಹೊಂಚು ಹಾಕಿರುತ್ತದೆ. ಒಂದು, ಎತ್ತಿ ನಿಲ್ಲಿಸಿದ ಬ್ಲೇಡು. ಹೈಡ್ರಾಲಿಕ್ ನಂಬಿ ಅದರ ಕೆಳಗೆ ಮಲಗಬಾರದು. ಬ್ಲೇಡು ನೆಲಕ್ಕೆ ಇಳಿಸಬೇಕು, ಇಲ್ಲವೇ ಗಟ್ಟಿ ಮರದ ದಿಮ್ಮಿ ಕೊಡಬೇಕು. ಎರಡು, ಚೈನು ಬಿಗಿ ಮಾಡುವ ಗ್ರೀಸ್ ಸಿಲಿಂಡರ್. ಅದರೊಳಗಿನ ಒತ್ತಡ ಎಷ್ಟಿರುತ್ತದೆಂದರೆ ಪ್ಲಗ್ಗನ್ನು ಒಂದು ಸುತ್ತಿಗಿಂತ ಹೆಚ್ಚು ಸಡಿಲಿಸಿದರೆ ಅದು ಗುಂಡಿನಂತೆ ಹಾರಬಹುದು. ಪ್ಲಗ್ಗಿನ ಎದುರು ಮುಖ ಇಡದೆ, ಪಕ್ಕದಲ್ಲಿ ನಿಂತು, ಸ್ವಲ್ಪ ಸ್ವಲ್ಪವೇ ಸಡಿಲಿಸಿ ಗ್ರೀಸ್ ಹೊರಬರಲು ಬಿಡಬೇಕು. ಮೂರು, ಐಡ್ಲರ್ ಹಿಂದಿನ ರಿಕಾಯಿಲ್ ಸ್ಪ್ರಿಂಗ್. ಟನ್ನುಗಟ್ಟಲೆ ಬಲದಿಂದ ಅದುಮಿ ಇಟ್ಟ ಸ್ಪ್ರಿಂಗ್ ಅದು. ಅದನ್ನು ಬಿಚ್ಚುವುದಕ್ಕೆಂದೇ ಮಾಡಿದ ಜಿಗ್, ಪ್ರೆಸ್ ಇಲ್ಲದೆ ಯಾರೂ ಕೈ ಹಾಕಬಾರದು. ಗ್ಯಾಸ್ ಕಟರ್ ಅಂತೂ ಹತ್ತಿರವೂ ಒಯ್ಯಬಾರದು.

ಹಳೇ ಬ್ರೇಕ್ ಲೈನಿಂಗ್, ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ. ಅದರ ಪುಡಿಯನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಮಾಡಿ ಒರೆಸಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಳ್ಳಿ. ಸುರಿದ ಆಯಿಲನ್ನು ಕೆರೆ ಕಡೆ ಹರಿಯಬಿಡದೆ ಡ್ರಮ್ಮಿನಲ್ಲಿ ಹಿಡಿದಿಡಿ. ಕೆರೆ ಉಳಿಸಲು ಓಡಾಡಿದ ಯಂತ್ರವೇ ಕೆರೆಗೆ ವಿಷವಾಗಬಾರದು.

ಯಾವಾಗ ಕೈಬಿಡಬೇಕು?

ಎಲ್ಲ ಡೋಜರನ್ನೂ ಉಳಿಸಲು ಆಗುವುದಿಲ್ಲ, ಉಳಿಸಬೇಕಾಗಿಯೂ ಇಲ್ಲ. ಚಾಸಿಸ್ ಅಥವಾ ಸ್ಟೀರಿಂಗ್ ಕ್ಲಚ್ಚಿನ ದೊಡ್ಡ ಕೇಸ್ ಬಿರುಕು ಬಿಟ್ಟಿದ್ದರೆ, ಎರಡೂ ಫೈನಲ್ ಡ್ರೈವ್ ಗೇರು ಮುರಿದಿದ್ದರೆ, ಚೈನು, ರೋಲರ್, ಸ್ಪ್ರಾಕೆಟ್ ಎಲ್ಲವೂ ಮಿತಿ ದಾಟಿದ್ದು ಎಂಜಿನ್ ಬ್ಲಾಕೂ ಒಡೆದಿದ್ದರೆ, ಆ ಯಂತ್ರವನ್ನು ಇನ್ನೊಂದು ಡೋಜರಿಗೆ ಬಿಡಿಭಾಗ ಕೊಡುವ ದಾನಿಯಾಗಿ ಮಾಡುವುದು ಲೇಸು. ಎರಡು ಕೆಟ್ಟ ಯಂತ್ರಗಳಿಂದ ಒಂದು ಒಳ್ಳೆಯ ಯಂತ್ರ ಮಾಡುವುದು ಈ ಕಸುಬಿನಲ್ಲಿ ಒಪ್ಪಿತವಾದ ದಾರಿ.

ಹಾಗಲ್ಲದೆ, ಬದಲಿಸಬಹುದಾದ ಯಾವುದೋ ಒಂದು ಭಾಗ ಕೆಟ್ಟಿದ್ದು ಉಳಿದದ್ದು ಅಳತೆಯೊಳಗಿದ್ದರೆ, ಗುಜರಿ ಬೆಲೆಗೆ ಕೊಡುವುದು ಮನೆಗೆ ನಷ್ಟ. ಲೆಕ್ಕ ಹಾಕುವಾಗ ಮೂರು ಸಾಲು ಬರೆಯಿರಿ: ಅಳತೆಯ ಪ್ರಕಾರ ಬದಲಿಸಲೇಬೇಕಾದ ಭಾಗಗಳ ಖರ್ಚು, ಲೋಬೆಡ್ ಟ್ರೈಲರ್ ಬಾಡಿಗೆ ಸೇರಿ ಸಾಗಣೆ ಖರ್ಚು, ವರ್ಷಕ್ಕೆ ನಿಜವಾಗಿ ಸಿಗಬಹುದಾದ ಕೆಲಸದ ಗಂಟೆಗಳು. ಉಕ್ಕಿನ ಪಟ್ಟಿಯ ಡೋಜರ್ ಡಾಂಬರು ರಸ್ತೆಯ ಮೇಲೆ ನಡೆಯುವಂತಿಲ್ಲವಾದ್ದರಿಂದ ಸಾಗಣೆಯ ಸಾಲನ್ನು ಮರೆತವರು ಕೈಸುಟ್ಟುಕೊಳ್ಳುತ್ತಾರೆ. ನಮ್ಮ ಊರಿನ ಸುತ್ತಮುತ್ತಲೇ ಕೆಲಸವಿದ್ದರೆ ಲೆಕ್ಕ ಕೂಡಿಬರುತ್ತದೆ. ಕೊಂಡಾಗಿನ ಹರಾಜು ಪತ್ರ, ರಸೀದಿಗಳನ್ನೂ ಹುಡುಕಿ ತೆಗೆದಿಡಿ. ಅಣ್ಣತಮ್ಮಂದಿರ ನಡುವೆ ಪಾಲಿನ ಮಾತು ಬಂದಾಗ ಯಂತ್ರ ಯಾರದೆಂದು ಹೇಳುವುದು ಆ ಕಾಗದವೇ. ರಿಪೇರಿಗೆ ಕೈ ಹಾಕುವ ಮೊದಲೇ ಖರ್ಚು ಯಾರದು, ಆದಾಯ ಯಾರಿಗೆ ಎಂದು ಮನೆಯವರು ಕೂತು ಮಾತಾಡಿ ಬರೆದಿಡುವುದು ಒಳ್ಳೆಯದು.

ಕೈಯಲ್ಲಿರುವ ವಿದ್ಯೆ

ಬಿಡಿಭಾಗಕ್ಕೆ ಬೆಂಗಳೂರಿನ ಎಸ್‌ಜೆಪಿ ರಸ್ತೆ, ಜೆ.ಸಿ. ರಸ್ತೆ, ಕಲಾಸಿಪಾಳ್ಯ ಇವೆ. ದುಡ್ಡಿದ್ದರೆ ಬೇರಿಂಗು, ಸೀಲು, ರಬ್ಬರು ಸಿಗುತ್ತವೆ. ಸಿಗದ ಬುಷ್ಷನ್ನು ಲೇತಿನಲ್ಲಿ ಮಾಡಿಸಬಹುದು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿಹೋಯಿತು, ಅದರ ಲೇತ್‌ಗಳು ಮಾತ್ರ ನಾಡಿನ ಸಣ್ಣ ಸಣ್ಣ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಿವೆ. ಅಂಗಡಿಯಲ್ಲಿ ಸಿಗದಿರುವುದು ಒಂದೇ, ಯಂತ್ರದ ಸದ್ದು ಕೇಳಿ ರೋಗ ಹೇಳುವ ಮನುಷ್ಯ.

ಕೋಲಾರ ಜಿಲ್ಲೆಗೆ ಈ ವಿಷಯದಲ್ಲಿ ಅಪರೂಪದ ಭಾಗ್ಯವಿತ್ತು. 1880ರ ದಶಕದಿಂದ ಜಾನ್ ಟೇಲರ್ ಕಂಪನಿ ನಡೆಸಿದ ಚಿನ್ನದ ಗಣಿಗಳ ವರ್ಕ್‌ಶಾಪುಗಳಲ್ಲಿ ಫಿಟ್ಟರ್, ಟರ್ನರ್, ಕಮ್ಮಾರರ ತಲೆಮಾರುಗಳು ತಯಾರಾದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂದದ್ದು ಈ ಗಣಿಗಳಿಗೇ. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿಯಿಂದ ಜನರನ್ನು ಮೇಲೆತ್ತುವ ಯಂತ್ರ ಒಂದು ದಿನವೂ ತಪ್ಪುವಂತಿರಲಿಲ್ಲ. ಅಲ್ಲಿ ಕಲಿತ ಕೈಗಳಿಗೆ ಅಳತೆ ಎಂದರೆ ಪ್ರಾಣದ ಮಾತಾಗಿತ್ತು. ಆಮೇಲೆ ಬೆಮಲ್ ಬಂತು, ಇನ್ನೊಂದು ತಲೆಮಾರು ತಯಾರಾಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆಜಿಎಫ್‌ನ ಜನ ಬೆಳಗಿನ ರೈಲು ಹಿಡಿದು ಮಾಲೂರಿನ ಮೇಲೆಯೇ ಹಾದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವರಾದರು. ಆ ಕೈಗಳ ವಿದ್ಯೆಯನ್ನು ಬರೆದಿಟ್ಟವರು ಕಡಿಮೆ.

ಇಂಗ್ಲೆಂಡಿನಲ್ಲಿ ಹಳೇ ಉಗಿ ರೋಡ್ ರೋಲರುಗಳನ್ನು ಮನೆಮಂದಿಯೇ ಸೇರಿ ರಿಪೇರಿ ಮಾಡಿ, 1969ರಲ್ಲಿ ಶುರುವಾದ ಡಾರ್ಸೆಟ್ ಉಗಿಯಂತ್ರ ಜಾತ್ರೆಯಂಥ ಕಡೆ ಓಡಿಸಿ ತೋರಿಸಿದ್ದಾರೆ. ನಮ್ಮಲ್ಲಿ ರೈಲಿಗೆ ಮೈಸೂರಿನಲ್ಲಿ 1979ರಿಂದ ಮ್ಯೂಸಿಯಂ ಇದೆ, ಹಳೇ ಕಾರುಗಳಿಗೆ ಸಂಗ್ರಾಹಕರಿದ್ದಾರೆ. ಕೆರೆ, ರಸ್ತೆ, ಊರು ಕಟ್ಟಿದ ಯಂತ್ರಗಳ ಬಗ್ಗೆ ಆ ಅಕ್ಕರೆ ಇನ್ನೂ ಬೆಳೆದಿಲ್ಲ. ಡೋಜರಿಗೆ ಮ್ಯೂಸಿಯಂ ಬೇಕೆಂದು ನಾನು ಹೇಳುತ್ತಿಲ್ಲ. ಕೆಲಸ ಮಾಡಿದ ಯಂತ್ರಕ್ಕೆ ಕೆಲಸವೇ ಗೌರವ. ಮತ್ತೆ ಕೆರೆ ಅಂಗಳಕ್ಕಿಳಿದು ಮಣ್ಣು ದೂಡುವಂತೆ ಮಾಡುವುದು ಅದಕ್ಕೆ ಸಲ್ಲಬೇಕಾದ ಸೇವೆ.

ಅದಕ್ಕೇ ಇಂಥ ಯಂತ್ರ ಇರುವ ಮನೆಯವರಲ್ಲಿ ನನ್ನ ಕೋರಿಕೆ ಇಷ್ಟು. ಗುಜರಿಯವರಿಗೆ ಫೋನ್ ಮಾಡುವ ಮೊದಲು ಒಂದು ಟೇಪು, ಒಂದು ಕ್ಯಾಲಿಪರ್, ಒಂದು ನೋಟ್‌ಬುಕ್ ಹಿಡಿದು ಡೋಜರಿನ ಹತ್ತಿರ ಹೋಗಿ. ಪ್ಲೇಟಿನ ಮೇಲಿನ ನಂಬರ್ ಬರೆದುಕೊಳ್ಳಿ, ಚೈನು ಅಳೆಯಿರಿ, ಆಯಿಲ್ ನೋಡಿ. ನಿಮ್ಮ ಪರಿಚಯದಲ್ಲಿ ಬೆಮಲ್‌ನಿಂದಲೋ ಗಣಿ ವರ್ಕ್‌ಶಾಪಿನಿಂದಲೋ ನಿವೃತ್ತರಾದ ಹಿರಿಯರಿದ್ದರೆ ಕರೆದುಕೊಂಡು ಬಂದು ತೋರಿಸಿ. ಅವರು ಪಾನಾ ಹಿಡಿದು ಕೆಲಸ ಮಾಡುವಾಗ ಮನೆಯ ಹುಡುಗ ಹುಡುಗಿಯರನ್ನು ಪಕ್ಕದಲ್ಲಿ ನಿಲ್ಲಿಸಿ, ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಬರೆದುಕೊಳ್ಳಲು ಹೇಳಿ. ಡೋಜರ್ ಉಳಿಯದಿದ್ದರೂ ಆ ನೋಟ್‌ಬುಕ್ ಉಳಿಯುತ್ತದೆ, ಮುಂದಿನ ಯಂತ್ರಕ್ಕೆ ಅದು ಬೇಕಾಗುತ್ತದೆ.